ಭೂತಗನ್ನಡಿಯ ‘10 ಎಕ್ಸ್’ ನಿಜವೇ? ಮನೆಯಲ್ಲೇ ಅಳೆಯಿರಿ

ಅಂಗೈಯಗಲದ ಭೂತಗನ್ನಡಿಯ ಹಿಡಿಕೆಯ ಮೇಲೆ ‘10 ಎಕ್ಸ್’ (ಹತ್ತು ಪಟ್ಟು ದೊಡ್ಡದಾಗಿ ತೋರಿಸುತ್ತದೆ) ಎಂದು ಅಚ್ಚಾಗಿದ್ದರೆ ನಂಬಬೇಡಿ. ಪರೀಕ್ಷಿಸಲು ಅಡಿಪಟ್ಟಿ, ಬಿಳಿ ಹಾಳೆ, ಒಂದು ಕಿಟಕಿ ಸಾಕು.

ಮೊದಲು ಮಸೂರದ ಸಂಗಮ ದೂರ, ಅಂದರೆ ದೂರದ ವಸ್ತುವಿನ ಬೆಳಕು ಮಸೂರ ದಾಟಿ ಎಷ್ಟು ಅಂತರದಲ್ಲಿ ಒಂದೆಡೆ ಕೂಡುತ್ತದೆ ಎಂಬುದು, ಗೊತ್ತಾಗಬೇಕು. ಹಗಲಿನಲ್ಲಿ, ಕಿಟಕಿಗೆ ಎದುರಾದ ಗೋಡೆಗೆ ಹಾಳೆ ಅಂಟಿಸಿ. ಅದರ ಮುಂದೆ ಮಸೂರ ಹಿಡಿದು ಹಿಂದೆ ಮುಂದೆ ಸರಿಸಿ. ಹೊರಗಿನ ತೆಂಗಿನ ಮರ ತಲೆಕೆಳಗಾಗಿ, ಬಣ್ಣದ ಸಮೇತ ಹಾಳೆಯ ಮೇಲೆ ಮೂಡುತ್ತದೆ. ಗರಿಗಳು ಬಿಡಿಬಿಡಿಯಾಗಿ ಕಂಡಲ್ಲಿ ಕೈ ನಿಲ್ಲಿಸಿ, ಮಸೂರದಿಂದ ಹಾಳೆಗಿರುವ ಅಂತರ ಅಳೆಯಿರಿ. ಕಿಟಕಿಯ ಸರಳುಗಳಿಗೆ ಹೊಂದಿಸಬೇಡಿ. ಅವು ಹತ್ತಿರವಿರುವುದರಿಂದ ಅಳತೆ ಹೆಚ್ಚು ಬರುತ್ತದೆ. ಸೂರ್ಯನ ಸಹವಾಸವಂತೂ ಬೇಡ. ಹಾಳೆ ಹೊತ್ತಿಕೊಂಡೀತು, ಮಸೂರದ ಮೂಲಕ ಅವನನ್ನು ನೋಡಿದರೆ ಕಣ್ಣೇ ಹೋದೀತು.

ಈಗ 25ನ್ನು ಆ ಸೆಂಟಿಮೀಟರ್ ಅಂತರದಿಂದ ಭಾಗಿಸಿ. 10 ಸೆಂ.ಮೀ. ಬಂದಿದ್ದರೆ ವರ್ಧನೆ ಎರಡೂವರೆ ಪಟ್ಟು, 5 ಬಂದಿದ್ದರೆ ಐದು ಪಟ್ಟು. ಹತ್ತು ಪಟ್ಟು ಬೇಕೆಂದರೆ ಸಂಗಮ ದೂರ 2.5 ಸೆಂ.ಮೀ.ಗೆ ಇಳಿಯಬೇಕು.

25 ಎಲ್ಲಿಂದ ಬಂತು? ವಸ್ತುವನ್ನು ಕಣ್ಣಿನ ಹತ್ತಿರಕ್ಕೆ ತಂದಷ್ಟೂ ದೊಡ್ಡದಾಗಿ ಕಾಣುತ್ತದೆ. ಆದರೆ ಸುಮಾರು 25 ಸೆಂ.ಮೀ.ಗಿಂತ ಒಳಗೆ ಬಂದರೆ ಮಂಜಾಗುತ್ತದೆ. (ಚಾಳೀಸಿನವರಿಗೆ ಈ ಗಡಿ ಇನ್ನೂ ದೂರ, ಪುಸ್ತಕದ ಲೆಕ್ಕಕ್ಕೆ 25 ಎಂದು ಹಿಡಿದಿದ್ದಾರೆ.) ಮಸೂರದ ಉಪಕಾರವೆಂದರೆ, ವಸ್ತುವನ್ನು ಅದರ ಸಂಗಮ ದೂರದಷ್ಟು ಸಮೀಪಕ್ಕೆ ತಂದರೂ ಮಂಜಾಗದಂತೆ ನೋಡಿಕೊಳ್ಳುವುದು. ಸಂಗಮ ದೂರ ಕಡಿಮೆಯಾದಷ್ಟೂ ವರ್ಧನೆ ಏರುವುದು ಇದಕ್ಕೇ. ಕಣ್ಣಿಗೆ ತುಸು ಶ್ರಮ ಕೊಟ್ಟು ಪ್ರತಿಬಿಂಬವನ್ನು 25 ಸೆಂ.ಮೀ.ಗೆ ತಂದು ನೋಡಿದರೆ ಲೆಕ್ಕಕ್ಕೆ ಇನ್ನೊಂದು ಕೂಡುತ್ತದೆ: ಎರಡೂವರೆ, ಮೂರೂವರೆಯಾಗುತ್ತದೆ. ಮಾರಾಟಗಾರರಿಗೆ ಯಾವ ಸೂತ್ರ ಪ್ರಿಯವೆಂದು ಊಹಿಸಬಹುದು.

ಅಂಗೈಯಗಲದ ಗಾಜಿಗೆ ಹತ್ತು ಪಟ್ಟು ಏಕೆ ಒಗ್ಗದು? ಎರಡೂ ಬದಿ ಸಮನಾಗಿ ಉಬ್ಬಿದ ಸಾಮಾನ್ಯ ಗಾಜಿನ ತೆಳು ಮಸೂರದಲ್ಲಿ ಸಂಗಮ ದೂರವು ಹೆಚ್ಚುಕಡಿಮೆ ಆ ಉಬ್ಬಿನ ತ್ರಿಜ್ಯದಷ್ಟೇ ಇರುತ್ತದೆ. 2.5 ಸೆಂ.ಮೀ. ತ್ರಿಜ್ಯದ ಗೋಳವೇ 5 ಸೆಂ.ಮೀ. ಅಗಲ, ಅದರಿಂದ 7.5 ಸೆಂ.ಮೀ. ಅಗಲದ ಮಸೂರ ಕೊರೆಯುವುದೆಲ್ಲಿ? ವಜ್ರ ಪರೀಕ್ಷಿಸುವವರ ಹತ್ತು ಪಟ್ಟಿನ ಕೈಮಸೂರ (ಲೂಪ್) ಪುಟ್ಟದಾಗಿರುವುದು ಸುಮ್ಮನೆ ಅಲ್ಲ. 17ನೇ ಶತಮಾನದ ಡಚ್ಚರ ಲೇವನ್‌ಹುಕ್ ಸೂಕ್ಷ್ಮಜೀವಿಗಳನ್ನು ಕಂಡದ್ದೂ ಒಂಟಿ ಮಸೂರದಿಂದಲೇ. ಉಳಿದಿರುವ ಅವರ ಮಸೂರಗಳಲ್ಲಿ ಒಂದರ ಶಕ್ತಿ ಸುಮಾರು 270 ಪಟ್ಟು, ಸಂಗಮ ದೂರ ಒಂದು ಮಿಲಿಮೀಟರಿಗೂ ತುಸು ಕಡಿಮೆ.

ಬಳಸುವಾಗ ಮಸೂರವನ್ನು ಕಣ್ಣಿಗೆ ಆನಿಸಿ ಹಿಡಿಯಿರಿ, ಆಮೇಲೆ ವಸ್ತುವನ್ನು ಅದರತ್ತ ತನ್ನಿ. ವಾಚ್ ರಿಪೇರಿಯವರು ಮಾಡುವುದು ಹೀಗೆಯೇ. ನೋಟದ ಹರವು ಹೆಚ್ಚುತ್ತದೆ.