ಕಾರು ‘ಕೀ ಸಿಗ್ತಿಲ್ಲ’ ಅಂದರೆ ಏನು ಮಾಡಬೇಕು

ಬಟನ್ ಸ್ಟಾರ್ಟ್ ಕಾರಿನಲ್ಲಿ ಕೂತಿದ್ದೀರಿ. ರಿಮೋಟು ಜೇಬಿನಲ್ಲೇ ಇದೆ. ಆದರೂ ಮೀಟರ್‌ನಲ್ಲಿ ‘ಕೀ ನಾಟ್ ಡಿಟೆಕ್ಟೆಡ್’ ಅಂತ ಬರುತ್ತಿದೆ. ಬ್ರೇಕ್ ತುಳಿಯಿರಿ, ಕ್ಲಚ್ ಇರುವ ಗಾಡಿಯಾದರೆ ಅದನ್ನೂ. ರಿಮೋಟನ್ನು ಸ್ಟಾರ್ಟ್ ಬಟನ್‌ಗೆ ತಾಗಿಸಿ, ಆ ರಿಮೋಟಿನಿಂದಲೇ ಬಟನ್ ಒತ್ತಿ. ಎಷ್ಟೋ ಗಾಡಿಗಳು ಅಷ್ಟಕ್ಕೇ ಸ್ಟಾರ್ಟ್ ಆಗುತ್ತವೆ. ಮಿಕ್ಕಿದ್ದನ್ನು ಮನೆಗೆ ಹೋಗಿ ಓದಿ.

ನನ್ನದು ಬೆಂಗಳೂರಿನ ಜೆ.ಸಿ. ರಸ್ತೆ ಪಕ್ಕದ ಗಲ್ಲಿಯಲ್ಲಿ ಕಾರ್ ಎಲೆಕ್ಟ್ರಿಕಲ್ ಅಂಗಡಿ. ವೈರಿಂಗ್, ಸೆನ್ಸರ್ ಕೆಲಸದ ಜೊತೆ ಕೀ ಪ್ರೋಗ್ರಾಮಿಂಗೂ ಮಾಡುತ್ತೇನೆ. ಅಂಗಡಿ ಮುಚ್ಚಿದ ಮೇಲೆ ಬರುವ ಫೋನುಗಳು ಹೆಚ್ಚಾಗಿ ಮಾಲ್ ಬೇಸ್‌ಮೆಂಟಿನಿಂದ, ಇಲ್ಲವೇ ಛತ್ರದ ಪಾರ್ಕಿಂಗಿನಿಂದ. ಫೋನಿನಲ್ಲೇ ಹೇಳಿ ಗಾಡಿ ಸ್ಟಾರ್ಟ್ ಮಾಡಿಸುತ್ತೇನೆ. ದುಡ್ಡು ಹುಟ್ಟಲ್ಲ, ಮನೆಯಲ್ಲಿ ಬೈಗುಳ ಮಾತ್ರ ಸಿಗುತ್ತದೆ. ಅದಕ್ಕೇ ಬರೆದಿಡುತ್ತಿದ್ದೇನೆ.

ಆ ಒಂದು ರಿಮೋಟಿನೊಳಗೆ ಮೂರು ಬೇರೆ ಬೇರೆ ಕೆಲಸಗಳಿವೆ. ಬಟನ್ ಒತ್ತಿದರೆ ಲಾಕ್, ಅನ್‌ಲಾಕ್ ಆಗುವುದು ಒಂದು. ನಮ್ಮ ಕಡೆಯ ಗಾಡಿಗಳಲ್ಲಿ ಆ ಸಿಗ್ನಲ್ ಸಾಮಾನ್ಯವಾಗಿ 433 ಮೆಗಾಹರ್ಟ್ಸ್ ಆಸುಪಾಸಿನಲ್ಲಿ ಹೋಗುತ್ತದೆ. ಎರಡನೆಯದು ಕೀಲೆಸ್. ನೀವು ಬಾಗಿಲ ಹಿಡಿ ಮುಟ್ಟಿದಾಗ ಕಾರೇ 125 ಕಿಲೋಹರ್ಟ್ಸ್ ಸುಮಾರಿನಲ್ಲಿ ರಿಮೋಟನ್ನು ಕರೆಯುತ್ತದೆ. ಆ ಕರೆ ಒಂದೆರಡು ಮೀಟರ್ ಆಚೆ ಕೇಳಿಸುವುದಿಲ್ಲ. ರಿಮೋಟು ಎಚ್ಚರಗೊಂಡು 433ರಲ್ಲಿ ಉತ್ತರ ಕೊಡುತ್ತದೆ. ಈ ಎರಡಕ್ಕೂ ಸೆಲ್ ಬೇಕು. ಮೂರನೆಯದು ಇಮ್ಮೊಬಿಲೈಸರ್ ಚಿಪ್, ಇದನ್ನು ಗುರುತಿಸಿದರೆ ಮಾತ್ರ ಕಾರು ಸ್ಟಾರ್ಟ್ ಆಗಲು ಒಪ್ಪುತ್ತದೆ. ಇದಕ್ಕೆ ಸೆಲ್ ಬೇಡ. ಕಾರಿನೊಳಗೆ ಒಂದು ಕಾಯಿಲ್ ಇರುತ್ತದೆ, ಚಿಪ್‌ಗೆ ಬೇಕಾದ ಅಷ್ಟಿಷ್ಟು ಕರೆಂಟು ಗಾಳಿಯಲ್ಲೇ ಅದರಿಂದ ಸಿಗುತ್ತದೆ. ಆದರೆ ತೀರಾ ಹತ್ತಿರ ಇರಬೇಕು. ತಾಗಿಸಿ ಅಂದದ್ದು ಅದಕ್ಕೇ.

ಕಾಯಿಲ್ ಎಲ್ಲಾ ಗಾಡಿಯಲ್ಲೂ ಬಟನ್ ಹಿಂದೆಯೇ ಇರಬೇಕೆಂದಿಲ್ಲ. ಕೆಲವದರಲ್ಲಿ ಸ್ಟೀರಿಂಗ್ ಕಾಲಂ ಪಕ್ಕ, ಇನ್ನು ಕೆಲವದರಲ್ಲಿ ಗೇರ್ ಹತ್ತಿರದ ಗೂಡಿನ ತಳದಲ್ಲಿ ಇಟ್ಟಿರುತ್ತಾರೆ. ಮ್ಯಾನ್ಯುಯಲ್‌ನಲ್ಲಿ ಇದಕ್ಕೆಂದೇ ಒಂದು ಪುಟ ಇರುತ್ತದೆ. ಇವತ್ತೇ ಅದರ ಫೋಟೋ ತೆಗೆದು ಫೋನಿನಲ್ಲಿ ಇಟ್ಟುಕೊಳ್ಳಿ. ಬೇಸ್‌ಮೆಂಟಿನಲ್ಲಿ ನೆಟ್‌ವರ್ಕ್ ಇರಲ್ಲ.

ಬಾಗಿಲೇ ತೆರೆಯುತ್ತಿಲ್ಲವಾ? ರಿಮೋಟಿನ ಬದಿಯಲ್ಲೋ ಹಿಂದೆಯೋ ಒಂದು ಸಣ್ಣ ಲಾಚ್ ಇರುತ್ತದೆ. ಅದನ್ನು ಸರಿಸಿದರೆ ಒಳಗಿಂದ ಲೋಹದ ಕೀ ಹೊರಗೆ ಬರುತ್ತದೆ. ಡ್ರೈವರ್ ಬಾಗಿಲಲ್ಲಿ ಕೀ ತೂತು ಕಾಣದಿದ್ದರೆ ಹಿಡಿಯ ತುದಿಯಲ್ಲಿರುವ ಪ್ಲಾಸ್ಟಿಕ್ ಮುಚ್ಚಳದ ಕೆಳಗೆ ಬೆರಳಾಡಿಸಿ. ಒಂದು ಸೀಳು ಸಿಗುತ್ತದೆ. ಕೀ ತುದಿಯನ್ನು ಅದಕ್ಕೆ ಹಾಕಿ ಮೆಲ್ಲಗೆ ಎತ್ತಿ, ಮುಚ್ಚಳ ಬರುತ್ತದೆ, ಹಿಂದೆ ತೂತು ಇದೆ. ಹೀಗೆ ತೆರೆದಾಗ ಅಲಾರಂ ಕೂಗಬಹುದು, ವಾಚ್‌ಮನ್ ಓಡಿ ಬರಬಹುದು. ಗಾಬರಿ ಬೇಡ. ಚಿಪ್ ಒಪ್ಪಿ ಗಾಡಿ ಸ್ಟಾರ್ಟ್ ಆದರೆ ಕೂಗು ನಿಲ್ಲುತ್ತದೆ.

ಮನೆಗೆ ಬಂದ ಮೇಲೆ ತೊಂದರೆ ಯಾವ ಕಡೆ ಅಂತ ನೋಡಿ. ಬೀರುವಿನಲ್ಲಿರುವ ಎರಡನೇ ರಿಮೋಟು ತನ್ನಿ. ಅದು ಸರಿಯಾಗಿ ನಡೆದರೆ ತಪ್ಪು ಮೊದಲನೆಯದ್ದು, ಅದರಲ್ಲೂ ಹೆಚ್ಚಾಗಿ ಸೆಲ್. ಎರಡೂ ನಡೆಯದಿದ್ದರೆ ಕಾರಿನ 12 ವೋಲ್ಟ್ ಬ್ಯಾಟರಿ ಇಳಿದಿರಬಹುದು. ಬಾಗಿಲು ತೆರೆದಾಗ ಒಳಗಿನ ಲೈಟು ಮಂಕಾಗಿದ್ದರೆ ಅನುಮಾನವೇ ಬೇಡ. ವರ್ಕ್ ಫ್ರಂ ಹೋಂ ಮಾಡುವವರ ಗಾಡಿಗಳಲ್ಲಿ ಇದು ಮಾಮೂಲಿ. ಒಂದೇ ಜಾಗದಲ್ಲಿ ಮಾತ್ರ ಕೈಕೊಡುತ್ತಿದ್ದರೆ ಅದು ಆ ಜಾಗದ ತೊಂದರೆ. ಗೇಟ್ ರಿಮೋಟು, ವೈರ್‌ಲೆಸ್ ಕಾಲಿಂಗ್ ಬೆಲ್ಲು, ಎಷ್ಟೋ ಇದೇ 433ರಲ್ಲಿ ಗಲಾಟೆ ಮಾಡುತ್ತಿರುತ್ತವೆ. ಕಾರಿನೊಳಗೆ ಕೂತಾಗ ಮಾತ್ರ ಕೀ ಸಿಗ್ತಿಲ್ಲ ಅಂದರೆ, ರಿಮೋಟು ವೈರ್‌ಲೆಸ್ ಚಾರ್ಜರ್ ಪಕ್ಕದಲ್ಲೋ ಫೋನಿಗೆ ಅಂಟಿಕೊಂಡೋ ಇದೆಯಾ ನೋಡಿ. ಅಗ್ಗದ ಯುಎಸ್‌ಬಿ ಚಾರ್ಜರ್ ಚುಚ್ಚಿದ್ದರೆ ಅದನ್ನೂ ಕಿತ್ತು ನೋಡಿ. ಎಲ್ಲದಕ್ಕೂ ಮೊಬೈಲ್ ಟವರ್ ಮೇಲೆ ತಪ್ಪು ಹಾಕುವವರು ನಮ್ಮಲ್ಲಿ ಜಾಸ್ತಿ. ಮೊದಲು ನಿಮ್ಮ ಚಾರ್ಜರ್ ಕೀಳಿ ಸ್ವಾಮಿ.

ಸೆಲ್ ಬದಲಾಯಿಸುವುದು ಸುಲಭದ ಕೆಲಸ. ಆದರೂ ಅದರಲ್ಲೇ ರಿಮೋಟಿನ ಕೇಸು ಒಡೆದುಕೊಂಡು ಬರುತ್ತಾರೆ. ಲೋಹದ ಕೀ ತೆಗೆದ ಜಾಗದಲ್ಲಿ ಎರಡು ಹೋಳು ಸೇರುವ ಗೆರೆ ಕಾಣುತ್ತದೆ, ಅದರಲ್ಲಿ ಒಂದು ಸಣ್ಣ ಕಚ್ಚು. ಚಪ್ಪಟೆ ಸ್ಕ್ರೂಡ್ರೈವರ್ ತುದಿಗೆ ತೆಳು ಬಟ್ಟೆ ಸುತ್ತಿ ಅಲ್ಲಿಡಿ. ಮೀಟಬೇಡಿ, ಸುಮ್ನೆ ಬೀಗದ ಕೈ ತಿರುಗಿಸುವಷ್ಟೇ ತಿರುಗಿಸಿ. ‘ಟಕ್’ ಅನ್ನುತ್ತದೆ. ಒಳಗೆ ಅಂಚಿನ ಸುತ್ತ ರಬ್ಬರ್ ಇದ್ದರೆ ಅದು ಜಾಗ ಬಿಟ್ಟು ಏಳಬಾರದು, ನೀರು ತಡೆಯುವುದು ಅದೇ. ಹಳೇ ಸೆಲ್ ತೆಗೆಯುವ ಮುಂಚೆ ಯಾವ ಮುಖ ಮೇಲಿದೆ ಅಂತ ಫೋಟೋ ತೆಗೆಯಿರಿ. ಅದು ಕೂತಿದ್ದ ಲೋಹದ ನಾಲಿಗೆಗಳ ಮೇಲೆ ಹಸಿರು ಕಲೆ ಇದ್ದರೆ ಅಳಿಸುವ ರಬ್ಬರಿನಿಂದ ಮೆಲ್ಲಗೆ ಉಜ್ಜಿ. ನಾಲಿಗೆ ಚಪ್ಪಟೆಯಾಗಿದ್ದರೆ ಕೂದಲೆಳೆಯಷ್ಟು ಮೇಲೆತ್ತಿ. ಹೊಸ ಸೆಲ್ಲನ್ನು ಅಂಚಿನಲ್ಲಿ ಹಿಡಿದು ಕೂರಿಸಿ.

ನಂಬರು ಸೆಲ್ ಮೇಲೇ ಇರುತ್ತದೆ. ಸಿಆರ್ 2032 ಅಂದರೆ 20 ಮಿ.ಮೀ. ಅಗಲ, 3.2 ಮಿ.ಮೀ. ದಪ್ಪ. ಸಿಆರ್ 2025 ಅಷ್ಟೇ ಅಗಲ, ದಪ್ಪ ಮಾತ್ರ 2.5. ‘ಎರಡೂ ಒಂದೇ ಸರ್, ಹಾಕ್ಕೊಳಿ’ ಅಂತ 2032 ಬದಲು 2025 ಕೊಡುತ್ತಾರೆ. ತಗೋಬೇಡಿ. ಆ ಸಂದಿನಲ್ಲಿ ಸೆಲ್ ಅಲುಗಾಡಿ ಕಾಂಟ್ಯಾಕ್ಟ್ ತಪ್ಪುತ್ತದೆ. ಎಸ್.ಪಿ. ರಸ್ತೆಯಲ್ಲಿ ಬೇಕಾದಷ್ಟು ಸಿಗುತ್ತವೆ, ಆದರೆ ಡಬ್ಬಿಯಲ್ಲಿ ಬಿಡಿಯಾಗಿ ಸುರಿದಿಟ್ಟದ್ದು ಬೇಡ. ಒಂದಕ್ಕೊಂದು ತಾಗಿ ಅಲ್ಲೇ ಇಳಿದಿರುತ್ತವೆ. ಸೀಲ್ ಇರುವ ಪ್ಯಾಕೇ ತಗೊಳ್ಳಿ. ಮಲ್ಟಿಮೀಟರ್‌ನಲ್ಲಿ ಹಳೇ ಸೆಲ್ 3 ವೋಲ್ಟ್ ತೋರಿಸಿತು ಅಂತ ಅದನ್ನೇ ಉಳಿಸಿಕೊಳ್ಳಬೇಡಿ. ಲೋಡ್ ಇಲ್ಲದಾಗ ಹಾಗೇ ತೋರಿಸುತ್ತದೆ, ಬಟನ್ ಒತ್ತಿದಾಗ ಕುಸಿಯುತ್ತದೆ. ತೆಗೆದ ಸೆಲ್ ಮಕ್ಕಳ ಕೈಗೆ ಸಿಗಬಾರದು. ನುಂಗಿದರೆ ಗಂಟಲ ನಾಳ ಒಳಗೇ ಸುಡುತ್ತದೆ, ತಡ ಮಾಡದೆ ಆಸ್ಪತ್ರೆಗೆ ಓಡಬೇಕು.

ಸೆಲ್ ಹಾಕಿದ್ದಕ್ಕೆ ಪ್ರೋಗ್ರಾಮಿಂಗ್ ಚಾರ್ಜ್ ಅಂತ ಯಾರಾದರೂ ಬಿಲ್ ಮಾಡಿದರೆ ಯಾಕೆ ಅಂತ ಕೇಳಿ. ಸೆಲ್ ತೆಗೆದರೆ ರಿಮೋಟು ಸಾಮಾನ್ಯವಾಗಿ ತನ್ನ ಕೋಡ್ ಮರೆಯುವುದಿಲ್ಲ. ಬಟನ್ ಸಿಗ್ನಲ್ ಬಿಎಂಟಿಸಿ ಟಿಕೆಟ್ ಇದ್ದ ಹಾಗೆ, ಪ್ರತಿ ಸಲ ಹೊಸ ನಂಬರು, ಒಮ್ಮೆ ಬಳಸಿದ್ದು ಮತ್ತೆ ನಡೆಯಲ್ಲ. ಮಗು ದೂರದಲ್ಲಿ ಕೂತು ಬಟನ್ ಒತ್ತಿ ಒತ್ತಿ ಆಡಿದರೆ ರಿಮೋಟಿನ ಲೆಕ್ಕ ಕಾರಿನ ಲೆಕ್ಕಕ್ಕಿಂತ ಬಹಳ ಮುಂದೆ ಹೋಗಿಬಿಡುತ್ತದೆ, ಆಗ ಕಾರು ಕ್ಯಾರೇ ಅನ್ನುವುದಿಲ್ಲ. ಎಷ್ಟೋ ಗಾಡಿಗಳಲ್ಲಿ ಅದೇ ರಿಮೋಟಿನಿಂದ ಒಮ್ಮೆ ಸ್ಟಾರ್ಟ್ ಮಾಡಿದರೆ ಲೆಕ್ಕ ಮತ್ತೆ ಕೂಡಿಕೊಳ್ಳುತ್ತದೆ.

ಈಗ ಸೆಲ್ ಯಾಕೆ ಬೇಗ ಮುಗಿಯುತ್ತದೆ ಅನ್ನುವ ವಿಷಯ. ನಾಗರಬಾವಿ, ಬಸವೇಶ್ವರನಗರದ 30-40 ಸೈಟಿನ ಮನೆಗಳನ್ನು ನೋಡಿ. ಕೆಳಗೆ ಪಾರ್ಕಿಂಗು, ಪಕ್ಕದಲ್ಲೇ ಮುಂಬಾಗಿಲು, ಬಾಗಿಲ ಹಿಂದೆ ಚಪ್ಪಲಿ ಸ್ಟ್ಯಾಂಡು, ಅದರ ಮೇಲೆ ಗೋಡೆಗೆ ಕೀ ಹ್ಯಾಂಗರ್. ಕಾರಿಗೂ ರಿಮೋಟಿಗೂ ನಡುವೆ ಇರುವುದು ಒಂದೇ ಗೋಡೆ. ಅಷ್ಟು ಹತ್ತಿರ ಇದ್ದರೆ ಕಾರಿನ ಕರೆ ಆಗಾಗ ಕೇಳಿಸಿ ರಿಮೋಟಿಗೆ ಸರಿಯಾಗಿ ನಿದ್ದೆ ಇಲ್ಲ, ಸೆಲ್ ಬೇಗ ಖಾಲಿ.

ಕಳ್ಳನಿಗೂ ಆ ಹ್ಯಾಂಗರೇ ಬೇಕು. ಒಬ್ಬ ಕಾರಿನ ಪಕ್ಕ, ಇನ್ನೊಬ್ಬ ನಿಮ್ಮ ಮುಂಬಾಗಿಲ ಹತ್ತಿರ, ಇಬ್ಬರ ಕೈಯಲ್ಲೂ ಆಂಟೆನಾ. ಕಾರಿನ ಕರೆಯನ್ನು ಒಬ್ಬ ಹಿಡಿದು ಇನ್ನೊಬ್ಬನಿಗೆ ಕಳಿಸುತ್ತಾನೆ, ರಿಮೋಟು ಪಾಪ ಮಾಲೀಕರೇ ಬಂದರು ಅಂತ ಉತ್ತರ ಕೊಡುತ್ತದೆ. ಕೋಡ್ ಒಡೆಯುವ ಕೆಲಸವೇ ಇಲ್ಲ. ಇದಕ್ಕೆ ರಿಲೇ ಅನ್ನುತ್ತಾರೆ. ಸ್ವಿಟ್ಜರ್‌ಲೆಂಡಿನ ಇಟಿಎಚ್ ಜ್ಯೂರಿಕ್‌ನ ಸಂಶೋಧಕರು 8 ಕಂಪನಿಗಳ 10 ಮಾಡೆಲ್‌ಗಳ ಮೇಲೆ ಇದನ್ನು ಮಾಡಿ ನೋಡಿ 2011ರಲ್ಲೇ ಬರೆದಿದ್ದಾರೆ. ಹತ್ತೂ ಬಾಗಿಲು ತೆರೆದವು, ಹತ್ತೂ ಸ್ಟಾರ್ಟ್ ಆದವು. ಹೊಸ ಗಾಡಿಗಳಲ್ಲಿ ಬರುತ್ತಿರುವ ಅಲ್ಟ್ರಾ ವೈಡ್‌ಬ್ಯಾಂಡ್ ಕೀ ಇದಕ್ಕೆ ಮದ್ದು. ಸಿಗ್ನಲ್ ಹೋಗಿ ಬರಲು ಹಿಡಿದ ಸಮಯವನ್ನೇ ಅದು ಅಳೆಯುತ್ತದೆ. ಒಂದು ನ್ಯಾನೋಸೆಕೆಂಡಿಗೆ ಸುಮಾರು 30 ಸೆಂ.ಮೀ., ಹಾಗಾಗಿ ಕೀ ನಿಜಕ್ಕೂ ಎಷ್ಟು ದೂರ ಇದೆ ಅಂತ ಗೊತ್ತಾಗಿಬಿಡುತ್ತದೆ. ನಿಮ್ಮ ಗಾಡಿಯಲ್ಲಿ ಅದಿಲ್ಲದಿದ್ದರೆ ರಿಮೋಟನ್ನು ಮನೆಯ ಹಿಂಬದಿ ರೂಮಿಗೆ ಸಾಗಿಸಿ. ಸಿಗ್ನಲ್ ತಡೆಯುವ ಪೌಚ್ ಕೊಂಡರೆ ಅದರೊಳಗೆ ರಿಮೋಟು ಹಾಕಿ ಕಾರಿನ ಹತ್ತಿರ ಹೋಗಿ ಹಿಡಿ ಮುಟ್ಟಿ. ತೆರೆದರೆ ಪೌಚ್ ವಾಪಸ್ ಕೊಡಿ. ಸ್ಟೀಲ್ ಡಬ್ಬಿಗೂ ಇದೇ ಪರೀಕ್ಷೆ. ಕೆಲವು ಗಾಡಿಗಳಲ್ಲಿ ಸೆಟ್ಟಿಂಗಿನಲ್ಲೇ ಕೀಲೆಸ್ ಆಫ್ ಮಾಡಬಹುದು, ಬಟನ್ ಒತ್ತಿ ತೆರೆದರಾಯಿತು.

ಪಾರ್ಕಿಂಗಿನಲ್ಲಿ ಲಾಕ್ ಆಯಿತಾ ಅಂತ ಹಿಡಿ ಎಳೆದು ನೋಡುವವರಿಗೆ ಒಂದು ಮಾತು. ಕೀ ಜೇಬಿನಲ್ಲಿದೆ, ಹಿಡಿ ಮುಟ್ಟಿದ ಕೂಡಲೇ ಅದು ಮತ್ತೆ ಅನ್‌ಲಾಕ್ ಆಗಬಹುದು ಅಲ್ವಾ? ಇಂಡಿಕೇಟರ್ ಮಿನುಗಿತಾ, ಕನ್ನಡಿ ಮಡಚಿತಾ, ಅದನ್ನು ನೋಡಿ. ಯಾರಾದರೂ ಜ್ಯಾಮರ್ ಇಟ್ಟುಕೊಂಡು ನಿಮ್ಮ ಲಾಕ್ ಸಿಗ್ನಲ್ ತಡೆದಿದ್ದರೆ ಎರಡೂ ಆಗಿರುವುದಿಲ್ಲ.

ಕಳ್ಳನಿಗೆ ಇನ್ನೊಂದು ದಾರಿ ಓಬಿಡಿ ಪೋರ್ಟು, ಅಂದರೆ ಕಾರಿನ ಕಂಪ್ಯೂಟರ್ ಜೊತೆ ಮಾತಾಡುವ ಸಾಕೆಟ್. ಸ್ಟೀರಿಂಗ್ ಕೆಳಗಿರುವ ಆ ಸಾಕೆಟ್‌ಗೆ ಟ್ಯಾಬ್ ಚುಚ್ಚಿ ಕಾರಿಗೆ ಹೊಸ ಕೀ ಕಲಿಸುವುದೇ ನನ್ನ ಕಸುಬು. ಗ್ಲಾಸ್ ಒಡೆದು ಒಳಗೆ ಬಂದವನ ಕೈಯಲ್ಲಿ ಅಂಥದ್ದೇ ಟ್ಯಾಬ್ ಇದ್ದರೆ ಅವನ ಕಸುಬೂ ಅದೇ. ಅದಕ್ಕೆ ನಾನು ಇನ್ನೂ ಗೇರ್ ಲಾಕ್, ಸ್ಟೀರಿಂಗ್ ಲಾಕ್ ಹಾಕಿಸಿ ಅನ್ನುತ್ತೇನೆ. ನೋಡಲು ಚೆಂದ ಇಲ್ಲ, ನಿಜ. ಕಬ್ಬಿಣಕ್ಕೆ ಸಾಫ್ಟ್‌ವೇರ್ ಇಲ್ಲ.

ಸೆಕೆಂಡ್ ಹ್ಯಾಂಡ್ ಗಾಡಿ ಕೊಂಡರೆ ಮೊದಲ ವಾರದಲ್ಲೇ ಹಳೇ ಕೀಗಳನ್ನೆಲ್ಲ ಅಳಿಸಿ, ನಿಮ್ಮ ಕೈಯಲ್ಲಿರುವುದನ್ನು ಮಾತ್ರ ಮತ್ತೆ ಸೇರಿಸಿಸಿ. ಎಷ್ಟು ಕೀ ಸೇರಿದೆ ಅಂತ ಎಷ್ಟೋ ಗಾಡಿಗಳಲ್ಲಿ ಟ್ಯಾಬ್‌ನಲ್ಲೇ ಕಾಣುತ್ತದೆ, ಪಕ್ಕದಲ್ಲಿ ನಿಂತು ನೋಡಿ. ಎರಡು ಕೀ ಇಲ್ಲದೆ ಗಾಡಿ ಕೊಳ್ಳಬೇಡಿ. ಗಾಡಿ ಕಳುವಾದರೆ ಇನ್ಶೂರೆನ್ಸ್‌ನವರು ಎರಡೂ ಕೀ ಕೇಳುತ್ತಾರೆ. ಒಂದೇ ಇದ್ದರೆ ಅದು ಇನ್ನೂ ನಡೆಯುತ್ತಿರುವಾಗಲೇ ಇನ್ನೊಂದು ಮಾಡಿಸಿ, ಎಲ್ಲಾ ಕಳೆದುಕೊಂಡ ಮೇಲೆ ಮಾಡಿಸುವುದಕ್ಕೆ ಖರ್ಚು ಬಹಳ ಜಾಸ್ತಿ. ಮಾಡಿಸಲು ಬರುವಾಗ ಆರ್‌ಸಿ, ನಿಮ್ಮ ಐಡಿ ಕಾರ್ಡು, ಗಾಡಿ ಮೂರೂ ಇರಲಿ. ಇವನ್ನೆಲ್ಲ ಕೇಳದೆ ‘ಐದು ನಿಮಿಷ ಸರ್, ಮಾಡಿಕೊಡ್ತೀನಿ’ ಅನ್ನುವ ಅಂಗಡಿಯಿಂದ ಹಾಗೇ ಎದ್ದು ಬನ್ನಿ. ನಿಮ್ಮ ಗಾಡಿ ತಂದವನಿಗೂ ಅವನು ಅಷ್ಟೇ ಬೇಗ ಮಾಡಿಕೊಡುತ್ತಾನೆ.