ಕೂತ ಪಾಟಾವನ್ನು ಬೆಂಕಿ ತೋರಿಸದೆ ಎತ್ತಿದ ಬಗೆ

ಪಾಟಾ ಎಂದರೆ ಗಾಡಿಯ ಭಾರ ಹೊರುವ, ಬಾಗಿದ ಉಕ್ಕಿನ ಪಟ್ಟಿಗಳ ಸ್ಪ್ರಿಂಗು; ಅದರ ಒಂದೊಂದು ಪಟ್ಟಿಯನ್ನೂ ಪಾಟಾ ಎನ್ನುತ್ತಾರೆ. ಹಳೆಯ ಟಾಟಾ 407 ಲಾರಿಯ ಹಿಂದಿನ ಪಾಟಾ ಒಮ್ಮೆ ಕೂತರೆ, ಅಂದರೆ ಬಾಗು ಕಳೆದುಕೊಂಡರೆ, ಮತ್ತೆ ನಿಲ್ಲುವುದಿಲ್ಲ, ಬಡಿದು ಎತ್ತಿದರೂ ತಿಂಗಳೊಳಗೆ ಮೊದಲಿನಂತಾಗುತ್ತದೆ ಎಂಬುದು ಕಲಬುರಗಿಯಲ್ಲಿ ನಾನು ಕೇಳಿದ ಮಿಸ್ತ್ರಿಗಳೆಲ್ಲರ ಮಾತು. ನನ್ನ ಗಾಡಿಯ ಪಾಟಾಗಳು ಶಹಾಬಾದಿನ ಫರಸಿ ಕಲ್ಲನ್ನೂ ಸುಗ್ಗಿಯಲ್ಲಿ ತೊಗರಿ ಚೀಲಗಳನ್ನೂ ಹೊತ್ತು ವರ್ಷದ ಮೇಲಾದರೂ ನಿಂತಿವೆ.

ಎರಡು ತುದಿಯ ತೂತುಗಳಲ್ಲಿ ಕೂರುವ ಬುಷ್‌ಗಳ ನಡುವೆ ದಾರ ಹಿಡಿದು ಅಳೆದಾಗ ನಾಲ್ಕು ಇಂಚಿನಷ್ಟಿರಬೇಕಾದ ಬಾಗು ಎಡಗಡೆ ಒಂದೂವರೆ, ಬಲಗಡೆ ಎರಡು ಇಂಚಿಗೆ ಇಳಿದಿತ್ತು. ಹೊಸ ಜೋಡಿಗೆ ಸುಮಾರು 24,000 ರೂಪಾಯಿ ಹೇಳಿದರು. ಅದನ್ನು ಉಳಿಸಲು ಮೊದಲು ಎರಡೂ ಕಡೆ ಒಂದೊಂದು ಹೆಚ್ಚುವರಿ ಪಾಟಾ ಹಾಕಿಸಿದೆ. ಅದರ ಬಾಗು ಉಳಿದವುಗಳಿಗಿಂತ ಬಹಳ ಹೆಚ್ಚಿದ್ದರಿಂದ ಭಾರವನ್ನೆಲ್ಲ ತಾನೇ ಹೊತ್ತು, ಪಾಟಾವನ್ನು ಆಕ್ಸಲ್‌ಗೆ ಬಿಗಿಯುವ ಯು ಬೋಲ್ಟಿನ ಅಂಚಿನಲ್ಲಿ ಮುರಿಯಿತು, 2,500 ಹೋಯಿತು. ಆಮೇಲೆ ಒಬ್ಬರು ಗ್ಯಾಸಿನಲ್ಲಿ ಕೆಂಪಗೆ ಕಾಯಿಸಿ ಬಗ್ಗಿಸಿಕೊಟ್ಟರು. ಸುಮಾರು 450ರಿಂದ 500 ಡಿಗ್ರಿಯಲ್ಲಿ ಹದ ಮಾಡಿದ ಉಕ್ಕನ್ನು ಅಷ್ಟು ಕಾಯಿಸಿದರೆ ಹದ ಉಳಿಯುವುದಿಲ್ಲ. ಹದಿನೈದು ದಿನಗಳಲ್ಲಿ ಕಾಯಿಸಿದ ಜಾಗದಲ್ಲೇ ಕೂತಿತು. ಅಲ್ಲಿಯೂ 1,800ರಷ್ಟು ಹೋಯಿತು.

ಆಮೇಲೆ ಕಾಯಿಸದೆ ತಣ್ಣಗೇ ಬಡಿಸಿದ್ದು ಮಾತ್ರ ಬೇರೆ ರೀತಿ ವರ್ತಿಸಿತು. ಮೊದಲ ಕೆಲವು ಲೋಡುಗಳಲ್ಲಿ ಬೇಗ ಇಳಿದು, ಆಮೇಲೆ ಅಲ್ಲಿಯೇ ನಿಂತುಬಿಟ್ಟಿತು. ಹಾಗಾದರೆ ರಸ್ತೆಯಲ್ಲಿ ಇಳಿಯುವುದನ್ನು ಪ್ರೆಸ್ಸಿನಲ್ಲಿಯೇ (ಒತ್ತುವ ಯಂತ್ರದಲ್ಲಿ) ಇಳಿಸಿ, ಅಷ್ಟನ್ನು ಮೊದಲೇ ಹೆಚ್ಚಾಗಿ ಬಗ್ಗಿಸಿಟ್ಟರೆ ಸಾಕಲ್ಲವೇ ಎಂದು ಯೋಚಿಸಿದೆ.

ಪಾಟಾಗಳನ್ನೆಲ್ಲ ಬಿಚ್ಚಿ, ಉಜ್ಜಿ, ಸೀಮೆಎಣ್ಣೆ ಹಚ್ಚಿ ಒರೆಸಿ, ಸುಣ್ಣದ ಪುಡಿ ಬಳಿದು ನೋಡಿದೆ. ಬಿರುಕಿದ್ದಲ್ಲಿ ಎಣ್ಣೆಯ ಗೆರೆ ಮೂಡುತ್ತದೆ. ಹಾಗೆ ಸಿಕ್ಕಿದ್ದನ್ನು ಗುಜರಿಯ ಪಾಟಾದಿಂದ ಬದಲಿಸಿದೆ. ಎರಡು ರೈಲು ಹಳಿಯ ತುಂಡುಗಳನ್ನು ಮೂರು ಇಂಚು ಅಂತರದಲ್ಲಿಟ್ಟು, ಪಾಟಾದ ಒಳಬಾಗು ಮೇಲೆ ಬರುವಂತೆ ಇರಿಸಿ, ನಡುವಿನಿಂದ ತುದಿಯ ಕಡೆಗೆ ಅರ್ಧರ್ಧ ಇಂಚು ಸರಿಸುತ್ತ ಘನದಿಂದ (ದೊಡ್ಡ ಸುತ್ತಿಗೆಯಿಂದ) ಬಡಿದೆವು. ಲೋಡಿನಲ್ಲಿ ಹಿಗ್ಗುವುದು ಈ ಒಳಮೈಯೇ ಆದ್ದರಿಂದ ಘನದ ಮುಖ ದುಂಡಗಿರಬೇಕು, ಬಿದ್ದ ಗುರುತುಗಳನ್ನು ಪಾಟಾದ ಉದ್ದಕ್ಕೇ ತಿಕ್ಕಬೇಕು, ಅಡ್ಡಕ್ಕೆ ತಿಕ್ಕಿದರೆ ಬಿರುಕಿಗೆ ದಾರಿಯಾಗುತ್ತದೆ. ಪ್ರತಿಯೊಂದನ್ನೂ ಬೇಕಾದದ್ದಕ್ಕಿಂತ ಒಂದಿಂಚಿನಷ್ಟು ಹೆಚ್ಚು ಎತ್ತಿದೆ. ಕೆಳಗಿನದು ಮೇಲಿನದಕ್ಕಿಂತ ತುಸು ಹೆಚ್ಚು ಬಾಗಿದ್ದು, ಜೋಡಿಸಿದಾಗ ನಡುವೆ ಎರಡು ಮೂರು ಮಿಲಿಮೀಟರ್ ಸಂದು ಕಾಣಬೇಕು. ಎಲ್ಲಕ್ಕಿಂತ ಮೇಲಿನ, ಬುಷ್ ಇರುವ ಮೇನ್ ಪಾಟಾದಲ್ಲಿ ಬುಷ್ಷಿನ ಹತ್ತಿರ ಎಲ್ಲಿ ಬಡಿಯಬೇಕು, ಎಲ್ಲಿ ಬಿಡಬೇಕು ಎಂಬುದನ್ನು ಇಲ್ಲಿ ಬರೆಯುವುದಿಲ್ಲ. ಅದನ್ನು ಕಂಡುಕೊಳ್ಳಲು ನನಗೆ ಬಹಳ ಖರ್ಚಾಗಿದೆ.

ನಿಜವಾದ ಕೆಲಸ ನಡೆದದ್ದು ಕಪನೂರ ಕೈಗಾರಿಕಾ ಪ್ರದೇಶದ ಒಂದು ಪ್ರೆಸ್ಸಿನಲ್ಲಿ. ಪಾಟಾವನ್ನು ಬೋರಲಾಗಿಟ್ಟು, ತುದಿಗಳು ಜಾರಲು ಬಿಟ್ಟು, ಸಿಡಿಯದಂತೆ ಸರಪಳಿ ಹಾಕಿ, ನಡುವೆ ಒತ್ತಿ ನೆಟ್ಟಗೆ ಮಾಡಿ ಇನ್ನೂ ತುಸು ಕೆಳಗಿಳಿಸಿದೆವು. ಮೊದಲ ಒತ್ತಿಗೇ ಬಾಗು ಅರ್ಧ ಇಂಚಿಗೂ ಹೆಚ್ಚು ಇಳಿಯಿತು, ಮುಂದಿನವುಗಳಲ್ಲಿ ಕಡಿಮೆಯಾಗುತ್ತ ಬಂದು ನಾಲ್ಕಾರು ಒತ್ತುಗಳ ನಂತರ ದಾರದ ಅಳತೆ ಕದಲಲಿಲ್ಲ. ಪ್ರೆಸ್ಸಿನವರೂ ಹೀಗೆ ಮಾಡಿದ್ದನ್ನು ನೋಡಿರಲಿಲ್ಲ. ಬಾಡಿಗೆ, ಹೊಸ ಸೆಂಟರ್ ಬೋಲ್ಟ್, ಯು ಬೋಲ್ಟ್, ಬುಷ್, ಗ್ರಾಫೈಟ್ ಗ್ರೀಸ್ ಎಲ್ಲ ಸೇರಿ 6,000 ದಾಟಲಿಲ್ಲ.

ಇದೇ ಹುರುಪಿನಲ್ಲಿ ಮನೆಯ ಮಾರುತಿ ಓಮ್ನಿಯ ಮುಂದಿನ ಕಾಯಿಲ್ ಸ್ಪ್ರಿಂಗುಗಳನ್ನೂ ಜಗ್ಗಿ ಉದ್ದ ಮಾಡಿ, ಸುತ್ತುಗಳು ಒಂದಕ್ಕೊಂದು ತಾಗುವವರೆಗೆ ಒತ್ತಿ ನೋಡಿದೆ. ಅರ್ಧ ಇಂಚು ಸಿಕ್ಕಿತಾದರೂ ಎರಡೂ ಸಮನಾಗಲಿಲ್ಲ. ಕಾಯಿಲ್ ಹೊಸದನ್ನೇ ಹಾಕುವುದು ಲೇಸು, ಅದರ ಬೆಲೆಗೆ ಇಷ್ಟು ಶ್ರಮ ಬೇಕಿಲ್ಲ.

ಪಾಟಾ ಕೂರಿಸಿದ ಮೇಲೆ ಮೊದಲ ಫರಸಿ ಲೋಡ್ ಇಳಿಸಿದ ಕೂಡಲೇ ಯು ಬೋಲ್ಟುಗಳನ್ನು ಮತ್ತೆ ಬಿಗಿಯಬೇಕು. ಅರ್ಧ ಸುತ್ತಾದರೂ ತಿರುಗುತ್ತದೆ. ಈ ಸಲದ ತೊಗರಿ ಮುಗಿದ ಮೇಲೆ ಅಳೆದಾಗ ಎಡಗಡೆ ಕಾಲು ಇಂಚು ಇಳಿದಿತ್ತು, ಬಲಗಡೆ ಅಷ್ಟೂ ಇಲ್ಲ. ಬೇಸಿಗೆಯಲ್ಲಿ ಗಾಡಿಯ ಮುಂಭಾಗದ ಪಾಟಾಗಳನ್ನು ಬಿಚ್ಚಲಿದ್ದೇನೆ, ಅವಕ್ಕೂ ಪ್ರೆಸ್ ಗೊತ್ತುಮಾಡಿಟ್ಟಿದ್ದೇನೆ.