ಪಾಸ್‌ಬುಕ್ ಜೆರಾಕ್ಸ್ ಬಿಟ್ಟ ಮೇಲೆ ಬಂದ ಬರ ಪರಿಹಾರ: ನನ್ನ ಅನುಭವ

2023ರ ಮುಂಗಾರು ಕೈಕೊಟ್ಟು ರಾಜ್ಯದ 223 ತಾಲ್ಲೂಕುಗಳು ಬರಪೀಡಿತವೆಂದು ಘೋಷಣೆಯಾದ ವರ್ಷ, ಯಲಬುರ್ಗಾ ತಾಲ್ಲೂಕಿನ ನನ್ನ ನಾಲ್ಕು ಎಕರೆ ಮಸಾರಿ ಹೊಲದಲ್ಲಿ ಮೆಕ್ಕೆಜೋಳ ತೆನೆ ಕಟ್ಟುವ ಮೊದಲೇ ಒಣಗಿತು. ಮರುವರ್ಷ ಜನವರಿಯಲ್ಲಿ ಸರ್ಕಾರ ಕೊಟ್ಟ 2,000 ರೂಪಾಯಿಯ ಮೊದಲ ಕಂತು ಅಕ್ಕಪಕ್ಕದ ಹೊಲದವರಿಗೆ ಬಂತು, ನನಗೆ ಬರಲಿಲ್ಲ. ಐದು ಸಲ ಕಚೇರಿಗೆ ಅಲೆದು, ಪ್ರತಿ ಸಲವೂ ಪಹಣಿಯ ಜೊತೆಗೆ ಪಾಸ್‌ಬುಕ್ ಜೆರಾಕ್ಸ್ ಕೊಟ್ಟು ಬಂದೆ. ಬಸ್ಸು, ಊಟ, ತಪ್ಪಿದ ಕೂಲಿ ಎಲ್ಲ ಸೇರಿ ಎರಡೂವರೆ ಸಾವಿರದಷ್ಟು ಹೋಯಿತು. ಬರಬೇಕಾಗಿದ್ದುದು ಎರಡು ಸಾವಿರ.

ಪರಿಹಾರ ಜಾಲತಾಣದಲ್ಲಿ ನನ್ನ ಆಧಾರ್ ಸಂಖ್ಯೆ ಹಾಕಿ ನೋಡಿದಾಗ ಹಣ ಪಾವತಿಗೆ ಹೋಗಿ ವಾಪಸಾಗಿದ್ದು ತಿಳಿಯಿತು. ಹಿಂದೆ ಬೆಂಗಳೂರಿನಲ್ಲಿ ದುಡಿಯುವಾಗ ತೆರೆದು ಮರೆತಿದ್ದ, ಬಳಕೆಯಿಲ್ಲದೆ ನಿಂತುಹೋಗಿದ್ದ ಖಾತೆಗೇ ಆಧಾರ್ ಜೋಡಣೆ ಉಳಿದುಕೊಂಡಿತ್ತು. ನಾವು ಕೊಡುವ ಖಾತೆ ಸಂಖ್ಯೆಯನ್ನು ನೋಡಿ ಹಣ ಬರುವುದಿಲ್ಲ, ಆಧಾರ್ ಕೊನೆಯದಾಗಿ ಯಾವ ಬ್ಯಾಂಕಿಗೆ ಜೋಡಣೆಯಾಗಿದೆಯೋ ಅಲ್ಲಿಗೆ ಹೋಗುತ್ತದೆ ಎಂದಾಗ ಕಟ್ಟೆಯ ಮೇಲಿನ ಹಿರಿಯರು ನಕ್ಕರು. ಅಂಚೆ ಪೇಮೆಂಟ್ಸ್ ಬ್ಯಾಂಕಿನಲ್ಲಿ ಹೊಸ ಖಾತೆ ತೆರೆದು ಜೋಡಣೆ ಬದಲಿಸಿದೆ. ಕೇಂದ್ರದ ನೆರವು ಬಂದ ಮೇಲೆ, ಮೇ ತಿಂಗಳಲ್ಲಿ, ಮಳೆಯಾಶ್ರಿತ ಬೆಳೆಗೆ ಹೆಕ್ಟೇರಿಗೆ 8,500ರ ಲೆಕ್ಕದಲ್ಲಿ ಮೊದಲ ಕಂತು ಕಳೆದು ಹನ್ನೊಂದು ಸಾವಿರ ಚಿಲ್ಲರೆ ನನ್ನ ಖಾತೆಗೆ ಬಿತ್ತು. ನಕ್ಕವರಲ್ಲಿ ಇಬ್ಬರು ಮರುದಿನವೇ ಆಧಾರ್ ಹಿಡಿದು ಮನೆಗೆ ಬಂದರು. ವಾಪಸಾಗಿದ್ದ ಎರಡು ಸಾವಿರ ಮಾತ್ರ ಇನ್ನೂ ಒಂದು ತಿಂಗಳು ಕಾಯಿಸಿತು.

ನಡುವೆ ಅವ್ವನ ಆಧಾರ್ ಮೇಲೂ ಇದೇ ಪ್ರಯೋಗ ಮಾಡಿದ್ದೆ. ಜೋಡಣೆ ಅಂಚೆ ಖಾತೆಗೆ ಬದಲಾದದ್ದೇ ತಡ, ಅವಳ ಗೃಹಲಕ್ಷ್ಮಿ ಹಣವೂ ಅಲ್ಲಿಗೇ ಹೋಯಿತು. ತಿಳಿಯದೆ ಬ್ಯಾಂಕಿಗೆ ಹೋಗಿ ಬರಿಗೈಲಿ ಮರಳಿದ ಅವ್ವ, “ನಿನ್ನ ಶಾಣ್ಯಾತನ ನಿನ್ನ ಹಂತೇಕ ಇಟ್ಗೊ” ಎಂದಳು. ಆದರೆ ನನ್ನ ಲೆಕ್ಕ ಸರಿ ಎಂಬುದಕ್ಕೆ ಅದಕ್ಕಿಂತ ದೊಡ್ಡ ಸಾಕ್ಷಿ ನನಗೆ ಬೇಕಿರಲಿಲ್ಲ.

ಆಮೇಲೆ ಊರಿನ ಸುಮಾರು ಮೂವತ್ತು ಜನರ ಕಾಗದ ನೋಡಿದೆ. ಅರ್ಧದಷ್ಟು ಜನರದು ನನ್ನದೇ ತೊಡಕು. ಏಳೆಂಟು ಜನರ ಫ್ರೂಟ್ಸ್ ಐಡಿಯಲ್ಲಿ (ಸರ್ಕಾರ ರೈತರಿಗೆ ಕೊಡುವ ನೋಂದಣಿ ಸಂಖ್ಯೆ) ಒಂದು ಸರ್ವೆ ನಂಬರ್ ಇದ್ದರೆ ಇನ್ನೊಂದು ಸೇರಿರಲಿಲ್ಲ. ರೈತ ಸಂಪರ್ಕ ಕೇಂದ್ರದಲ್ಲಿ ಅದನ್ನು ಸೇರಿಸಲು ಅರ್ಧ ದಿನ ಸಾಕಾಯಿತು. ಬೆಳೆ ಸಮೀಕ್ಷೆಯಲ್ಲಿ ‘ಬೀಳು’ ಎಂದು ದಾಖಲಾದ ನಾಲ್ಕು ಹೊಲಗಳದೇ ದೊಡ್ಡ ತಲೆನೋವು. ಹೊಲದಲ್ಲಿ ಕೂಳೆ ಇರುವಾಗಲೇ ಫೋಟೊ ತೆಗೆದಿಟ್ಟುಕೊಂಡಿದ್ದ ಒಬ್ಬನ ಆಕ್ಷೇಪಣೆಗೆ ಮಾತ್ರ ಬೆಲೆ ಸಿಕ್ಕಿತು, ಉಳಿದ ಮೂವರಿಗೆ ಪರಿಹಾರ ಕೈತಪ್ಪಿತು. ಅದಕ್ಕೇ ಈಗ ಸಮೀಕ್ಷೆ ಮುಗಿದ ವಾರದಲ್ಲೇ ಬೆಳೆ ದರ್ಶಕ ಆ್ಯಪ್ ತೆರೆದು ಎಲ್ಲರ ಬೆಳೆಯ ಹೆಸರು ನೋಡಿಬಿಡುತ್ತೇನೆ.

ಹಳೆ ಸಾಲದ ಬಾಕಿಗೆ ಒಬ್ಬರ ಪರಿಹಾರವನ್ನು ಜಮಾ ಮಾಡಿಕೊಂಡಿದ್ದ ಬ್ಯಾಂಕಿನಿಂದ ಆ ಹಣವನ್ನು ಬಿಡಿಸಿದ ಬಗೆಯನ್ನು ಇಲ್ಲಿ ಬರೆಯುವುದಿಲ್ಲ. ಬಂದು ಕೇಳಿದವರಿಗೆ ಹೇಳುತ್ತೇನೆ. ಪೌತಿ ಖಾತೆ, ಅಂದರೆ ತೀರಿಕೊಂಡವರ ಜಮೀನು ವಾರಸುದಾರರ ಹೆಸರಿಗೆ ಆಗುವುದು, ಆಗದೆ, ತೀರಿಕೊಂಡ ತಂದೆಯ ಹೆಸರಲ್ಲೇ ಪಹಣಿ ಉಳಿಸಿಕೊಂಡವರು ನಮ್ಮೂರಲ್ಲಿ ಇನ್ನೂ ಐದು ಮನೆಯವರಿದ್ದಾರೆ. ಅಣ್ಣತಮ್ಮಂದಿರು ಒಪ್ಪಿ ಒಂದೇ ದಿನ ನಾಡಕಚೇರಿಗೆ ಬಂದರೆ ಆ ಕೆಲಸವನ್ನೂ ಹಿಡಿಯುವವನಿದ್ದೇನೆ.